ಇಪ್ಪತ್ತು ಶಿಲ್ಲಿಂಗ್ ಕೊಡಲ್ಲ ಅಂದವನು

ಇವತ್ತಿನ ವಿಷಯ ಇಂಗ್ಲೆಂಡಿನ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಜಗಳ. ಅದರಿಂದ ನಮಗೇನು ಅಂತ ನೀವು ಕೇಳಬಹುದು. ನಮ್ಮ ಸಂವಿಧಾನದ 265ನೇ ವಿಧಿ ಬಹಳ ಚಿಕ್ಕದು. ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. ಅಷ್ಟೇ. ಈ ತತ್ವದ ಹಿಂದೆ ಒಂದು ಯುದ್ಧ ಇದೆ, ಒಬ್ಬ ರಾಜನ ತಲೆ ಇದೆ.

1625ರಲ್ಲಿ ಒಂದನೇ ಚಾರ್ಲ್ಸ್ ಪಟ್ಟಕ್ಕೆ ಬಂದ. ತಾನು ಲೆಕ್ಕ ಒಪ್ಪಿಸಬೇಕಾದ್ದು ದೇವರಿಗೆ ಮಾತ್ರ ಅನ್ನೋದು ಅವನ ನಂಬಿಕೆ. ಆದರೆ ಯುದ್ಧ ಮಾಡೋಕೆ ನಂಬಿಕೆ ಸಾಲದು, ದುಡ್ಡು ಬೇಕು. ಹಿಂದಿನ ರಾಜರಿಗೆ ಬಂದರಿನ ಸುಂಕವನ್ನು ಜೀವಮಾನಕ್ಕೆ ಕೊಡ್ತಿದ್ದರು. ಇವನಿಗೆ ಕಾಮನ್ಸ್ ಸಭೆ ಒಂದೇ ವರ್ಷಕ್ಕೆ ಕೊಡೋಣ ಅಂತು. ಅಂದರೆ, ಮುಂದಿನ ವರ್ಷ ಮತ್ತೆ ನಮ್ಮ ಬಾಗಿಲಿಗೆ ಬಾ ಅಂತ.

ಇಲ್ಲಿ ಎರಡು ಕೀಲಿಕೈ ಇವೆ ಅಂತ ಇಟ್ಕೊಳ್ಳಿ. ಬೊಕ್ಕಸದ ಕೀಲಿಕೈ ಪಾರ್ಲಿಮೆಂಟಿನ ಹತ್ತಿರ. ಆದರೆ ಪಾರ್ಲಿಮೆಂಟಿನ ಬಾಗಿಲಿನ ಕೀಲಿಕೈ ರಾಜನ ಹತ್ತಿರ. ಅವನು ಕರೆದರೆ ಸಭೆ, ಕರೆಯದಿದ್ದರೆ ಇಲ್ಲ. 1629ರಲ್ಲಿ ಚಾರ್ಲ್ಸ್ ಆ ಬಾಗಿಲು ಹಾಕಿದ. ಹನ್ನೊಂದು ವರ್ಷ ತೆಗೆಯಲಿಲ್ಲ.

ಹಾಗಾದ್ರೆ ದುಡ್ಡು? ಹಳೇ ಕಾನೂನು ಹುಡುಕಿದ. ಯುದ್ಧದ ಭಯ ಇದ್ದಾಗ ಕಡಲತೀರದ ಊರುಗಳಿಂದ ಹಡಗಿಗಾಗಿ ಹಣ ತಗೊಳ್ಳುವ ಪದ್ಧತಿ ಒಂದಿತ್ತು. 1634ರಲ್ಲಿ ಅದನ್ನು ಶುರು ಮಾಡಿ, ಮರುವರ್ಷ ಸಮುದ್ರವೇ ಇಲ್ಲದ ಒಳನಾಡಿಗೂ ಹಾಕಿದ. ಬಕಿಂಗ್‌ಹ್ಯಾಮ್‌ಶೈರಿನ ಜಾನ್ ಹ್ಯಾಂಪ್ಡನ್ ಕೊಡಲ್ಲ ಅಂದ. ದೊಡ್ಡ ಜಮೀನ್ದಾರ. ಕೇಸು ನಡೆದದ್ದು ಬರೀ ಇಪ್ಪತ್ತು ಶಿಲ್ಲಿಂಗಿಗೆ, ಅಂದರೆ ಒಂದು ಪೌಂಡಿಗೆ. ಕೊಟ್ಟಿದ್ದರೆ ಅವನೇನೂ ಬಡವಾಗ್ತಿರಲಿಲ್ಲ. ಆದರೆ ಇವತ್ತು ಕೇಳದೆ ಒಂದು ಪೌಂಡ್ ತಗೊಂಡವನು ನಾಳೆ ಎಷ್ಟು ಬೇಕಾದರೂ ತಗೊಳ್ಳಬಹುದಲ್ಲ! 1638ರಲ್ಲಿ ಹನ್ನೆರಡು ನ್ಯಾಯಾಧೀಶರಲ್ಲಿ ಏಳು ಜನ ರಾಜನ ಪರ, ಐದು ಜನ ಹ್ಯಾಂಪ್ಡನ್ ಪರ. ರಾಜ ಗೆದ್ದ. ಆದರೆ ಐದು ಜನ ಇಲ್ಲ ಅಂದದ್ದೇ ಊರೂರಿಗೆ ಹಬ್ಬಿತು, ವಸೂಲಿ ಕುಸಿಯಿತು.

ಆಮೇಲೆ ಸ್ಕಾಟ್ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕ ಹೇರಲು ಹೋಗಿ ಅಲ್ಲಿಯವರ ಜೊತೆ ಯುದ್ಧ ಬಂತು. ಬೊಕ್ಕಸ ಖಾಲಿ. 1640ರಲ್ಲಿ ಬಾಗಿಲು ತೆಗೆಯಲೇಬೇಕಾಯ್ತು. ಏಪ್ರಿಲ್‌ನಲ್ಲಿ ಕರೆದ ಸಭೆಯನ್ನು ಮೂರೇ ವಾರಕ್ಕೆ ವಿಸರ್ಜಿಸಿದ. ಸ್ಕಾಟ್ ಸೈನ್ಯ ಗಡಿ ದಾಟಿ ಬಂತು. ನವೆಂಬರ್‌ನಲ್ಲಿ ಮತ್ತೆ ಕರೆದ.

ಈ ಸಲ ಸದಸ್ಯರು ಬಾಗಿಲಿನ ಕೀಲಿಕೈಗೇ ಕೈ ಹಾಕಿದರು. ಮೂರು ವರ್ಷಕ್ಕೊಮ್ಮೆ ಸಭೆ ಸೇರಲೇಬೇಕು, ತಮ್ಮ ಒಪ್ಪಿಗೆ ಇಲ್ಲದೆ ಈ ಸಭೆಯನ್ನು ವಿಸರ್ಜಿಸುವಂತಿಲ್ಲ ಅಂತ 1641ರಲ್ಲಿ ಕಾನೂನು ಮಾಡಿದರು. ಹಡಗಿನ ತೆರಿಗೆಯೂ ರದ್ದಾಯ್ತು. 1642ರ ಜನವರಿ 4ರಂದು ಚಾರ್ಲ್ಸ್ ಆಯುಧ ಹಿಡಿದವರನ್ನು ಕರ್ಕೊಂಡು ಐದು ಸದಸ್ಯರನ್ನು ಹಿಡಿಯೋಕೆ ಕಾಮನ್ಸ್ ಸಭೆಗೇ ನುಗ್ಗಿದ. ಹ್ಯಾಂಪ್ಡನ್ ಅವರಲ್ಲಿ ಒಬ್ಬ. ಐವರೂ ಆಗಲೇ ಜಾಗ ಖಾಲಿ ಮಾಡಿದ್ದರು. ಎಲ್ಲಿದ್ದಾರೆ ಅಂತ ಕೇಳಿದಾಗ ಸ್ಪೀಕರ್ ಲೆಂಥಾಲ್ ಮಂಡಿಯೂರಿದರು, ಆದರೆ ಬಾಯಿ ಬಿಡಲಿಲ್ಲ. ಸಭೆ ಹೇಳದೆ ತನಗೆ ಕಣ್ಣೂ ಇಲ್ಲ, ನಾಲಿಗೆಯೂ ಇಲ್ಲ ಅಂದರು. ಅದೇ ವರ್ಷ ಆಗಸ್ಟ್‌ನಲ್ಲಿ ಅಂತರ್ಯುದ್ಧ. ಹ್ಯಾಂಪ್ಡನ್ 1643ರಲ್ಲಿ ಯುದ್ಧದ ಗಾಯದಿಂದ ಸತ್ತ. 1649ರ ಜನವರಿ 30ರಂದು ರಾಜನ ಶಿರಚ್ಛೇದ ಆಯ್ತು.

ಇಲ್ಲಿಗೆ ಪ್ರಜಾಪ್ರಭುತ್ವ ಗೆದ್ದಿತು ಅಂತ ನಾನು ಹೇಳಲ್ಲ. ಆ ಸಭೆಯಲ್ಲಿ ಕೂಲಿಯವರಿಗೆ ಜಾಗ ಇರಲಿಲ್ಲ, ಹೆಂಗಸರಿಗೆ ಮತವೇ ಇರಲಿಲ್ಲ. ಅಷ್ಟೇ ಅಲ್ಲ, ರಾಜನ ವಿರುದ್ಧ ಹೋರಾಡಿದ ಕ್ರಾಮ್‌ವೆಲ್‌ನೇ 1653ರಲ್ಲಿ ಸೈನಿಕರನ್ನು ಕರೆಸಿ ಪಾರ್ಲಿಮೆಂಟನ್ನು ಹೊರಗಟ್ಟಿದ! ಕುರ್ಚಿಯಲ್ಲಿ ಕೂತವನ ಹೆಸರು ಬದಲಾದರೆ ಸಾಲದು. ಎರಡೂ ಕೀಲಿಕೈ ಒಬ್ಬನ ಕೈಗೇ ಸಿಗಬಾರದು. 1689ರ ಹಕ್ಕುಗಳ ಕಾಯ್ದೆ ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದ ತೆರಿಗೆ ಕಾನೂನುಬಾಹಿರ ಅಂತು. ಸೈನ್ಯ ಮತ್ತು ಹಣಕ್ಕೆ ಅಲ್ಪಾವಧಿಯ ಒಪ್ಪಿಗೆ ಕೊಡುವ ಪದ್ಧತಿಯೂ ಬಂತು. ಅಲ್ಲಿಂದ ಪ್ರತಿವರ್ಷ ಪಾರ್ಲಿಮೆಂಟ್ ಸೇರಿದೆ.

ಈಗ ನಮ್ಮ ಮನೆಗೆ ಬನ್ನಿ. ಬೊಕ್ಕಸಕ್ಕೆ 265ನೇ ವಿಧಿ. ಬಾಗಿಲಿಗೆ 85ನೇ ವಿಧಿ: ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಕಳೆಯಬಾರದು. ಆದರೆ ಯಾವಾಗ ಕರೀಬೇಕು ಅನ್ನೋದನ್ನು ತೀರ್ಮಾನಿಸೋದು ಈಗಲೂ ಸರ್ಕಾರವೇ. ಇನ್ನು ಲೋಕಸಭೆಯಲ್ಲಿ ಗಿಲೊಟಿನ್ ಅಂತ ಒಂದು ಪದ್ಧತಿ ಇದೆ. ಸಮಯ ಮುಗಿದ ತಕ್ಷಣ, ಉಳಿದ ಇಲಾಖೆಗಳ ಅನುದಾನದ ಬೇಡಿಕೆಗಳನ್ನೆಲ್ಲ ಚರ್ಚೆಯೇ ಇಲ್ಲದೆ ಒಟ್ಟಿಗೆ ಮತಕ್ಕೆ ಹಾಕ್ತಾರೆ. ಕೀಲಿಕೈಯನ್ನು ಯಾರೂ ಕಿತ್ತುಕೊಳ್ಳಲಿಲ್ಲ, ನಾವು ಆರಿಸಿದವರೇ ಅದನ್ನು ಬಳಸದೆ ಜೇಬಿನಲ್ಲಿಟ್ಟುಕೊಂಡರು.

ಬಜೆಟ್ ಬಂದಾಗ ನಾವೆಲ್ಲ ಆದಾಯ ತೆರಿಗೆ ಎಷ್ಟಾಯ್ತು ಅಂತ ನೋಡ್ತೀವಿ. ಮುಂದಿನ ಸಲ ಇನ್ನೊಂದನ್ನೂ ನೋಡಿ: ಎಷ್ಟು ಇಲಾಖೆಗಳ ಖರ್ಚು ಚರ್ಚೆಗೆ ಬಂತು, ನಿಮ್ಮ ಸಂಸದರು ಏನು ಕೇಳಿದರು. ಮುಂಬೈಯಲ್ಲಿರಿ, ಚೆನ್ನೈಯಲ್ಲಿರಿ, ನಿಮ್ಮ ಮತ ಎಲ್ಲಿದೆಯೋ ಆ ಕ್ಷೇತ್ರದ ಸಂಸದರಿಗೆ ಒಂದು ಪತ್ರ ಬರೆದು ಕೇಳಿ.