ಕುಂಬಳಕಾಯಿಯ ಸೂಪು
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಕವಿಗಳೂ ಪಂಡಿತರೂ ಮಾತನಾಡಬೇಕಾದ ಈ ಮೇಜಿನ ಮುಂದೆ ಸೌಟು ಹಿಡಿಯುವವಳನ್ನು ನಿಲ್ಲಿಸಿದ್ದೀರಿ. ನನಗೆ ತಿಳಿದಿರುವುದು ಒಲೆಯ ವಿಷಯ. ಅದನ್ನೇ ಅರಿಕೆ ಮಾಡುತ್ತೇನೆ.

ಕಳೆದ ಮಳೆಗಾಲದಲ್ಲಿ ನಮ್ಮ ಅತ್ತೆಯವರು ಜ್ವರ ಬಿದ್ದು ಎದ್ದರು. ಹಲ್ಲಿಲ್ಲ, ಬಾಯಿಗೆ ರುಚಿಯಿಲ್ಲ, ಅನ್ನ ಕಂಡರೆ ಮುಖ ತಿರುಗಿಸುವರು. ಅಂಗಡಿಯಿಂದ ಸೂಪಿನ ಪುಡಿಯ ಪೊಟ್ಟಣ ತಂದು ಕುದಿಸಿ ಕೊಟ್ಟೆ, ಕುಡಿದರು. ಆದರೆ ರಕ್ತದೊತ್ತಡ ನೋಡಿದ ಡಾಕ್ಟರು ಉಪ್ಪು ಕಡಮೆ ಮಾಡಿರೆಂದಾಗ ಪೊಟ್ಟಣದ ಹಿಂಬದಿ ಓದಿದೆ. ಮುಂದಿನ ಸಾಲಿನಲ್ಲೇ ಹಿಟ್ಟು, ಸಕ್ಕರೆ, ಉಪ್ಪು, ತರಕಾರಿ ಕೊನೆಗೆ. ಅಂದೇ ಮನೆಯಲ್ಲಿ ಮಾಡಲು ನಿಶ್ಚಯಿಸಿದೆ.

ಸೂಪು ಪರದೇಶದ್ದೆಂದು ಸಂಕೋಚಪಡಬೇಕಾಗಿಲ್ಲ. ಇಂಗ್ಲಿಷರು ಹೆಮ್ಮೆಯಿಂದ ಕುಡಿದ ‘ಮುಲಿಗಟಾನಿ’ ಎಂಬ ಸೂಪಿನ ಹೆಸರು ತಮಿಳಿನ ‘ಮಿಳಗು ತಣ್ಣೀರ್’, ಅಂದರೆ ಮೆಣಸಿನ ನೀರು. ಅದು ನಮ್ಮ ಮೆಣಸಿನ ಸಾರಿನ ಒಡಹುಟ್ಟು. ನಮ್ಮ ಸಾರು ಅವರಲ್ಲಿಗೆ ಹೋಗಿ ಗಟ್ಟಿಯಾಯಿತು, ಅಷ್ಟೆ.

ನಾಲ್ವರಿಗೆ ಬೇಕಾದುದು: ಅರ್ಧ ಕಿಲೋ ಸಿಹಿಗುಂಬಳ. ಊರಲ್ಲಿ ಕೆಲವರು ಇದನ್ನೇ ಚೀನಿಕಾಯಿ ಎನ್ನುತ್ತಾರೆ. ಇಲ್ಲಿ ಕೋಪರಿಯ ತರಕಾರಿಯವನ ಹತ್ತಿರ ‘ಲಾಲ್ ಭೋಪಳಾ’ ಎಂದು ಕೇಳಿದರೆ ಹೋಳು ಕತ್ತರಿಸಿ ಕೊಡುವನು. ಒಂದು ಗಜ್ಜರಿ, ಒಂದು ಈರುಳ್ಳಿ, ಎರಡು ಚಮಚ ಹೆಸರುಬೇಳೆ, ಒಂದಿಂಚು ಶುಂಠಿ, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಸಿನ, ಅರ್ಧ ತೆಂಗಿನಕಾಯಿ. ಒಂದು ಚಮಚ ಜೀರಿಗೆ, ಅರ್ಧ ಚಮಚ ಕರಿಮೆಣಸು ಹುರಿದು ಪುಡಿ ಮಾಡಿಡಿರಿ.

ಕಾಯಿ ತುರಿದು ಅರ್ಧ ಲೋಟ ಬೆಚ್ಚನೆಯ ನೀರಿನಲ್ಲಿ ಅರೆದು ಹಿಂಡಿ ದಪ್ಪ ಹಾಲು ತೆಗೆದಿಡಿರಿ. ಅದೇ ಚರಟಕ್ಕೆ ಎರಡು ಲೋಟ ನೀರು ಹಾಕಿ ಹಿಂಡಿದರೆ ತೆಳು ಹಾಲು. ಈ ತೆಳು ಹಾಲಿನಲ್ಲಿ ಬೇಳೆ, ತರಕಾರಿ, ಶುಂಠಿ, ಬೆಳ್ಳುಳ್ಳಿ, ಅರಿಸಿನ ಹಾಕಿ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ.

ಇಲ್ಲಿ ನನ್ನ ಪೆದ್ದುತನ ಹೇಳಲೇಬೇಕು. ಮೊದಲ ದಿನ ಕುದಿಯುವುದನ್ನೇ ಮಿಕ್ಸಿಗೆ ಸುರಿದು ತಿರುಗಿಸಿದೆ. ಒಳಗಿನ ಆವಿ ಒಮ್ಮೆಲೆ ಉಬ್ಬಿ ಮುಚ್ಚಳ ಹಾರಿತು. ಮಣಿಕಟ್ಟು ಸುಟ್ಟಿತು, ಕಲೆ ಇನ್ನೂ ಇದೆ. ಕಣ್ಣಿಗೆ ಹಾರಿದ್ದರೆ? ಆದುದರಿಂದ ಪೂರ್ತಿ ಆರಿಸಿಯೇ ಅರೆಯತಕ್ಕದ್ದು. ಅವಸರವಿದ್ದರೆ ಕಡೆಗೋಲಿನಿಂದ ಮಸೆದರೂ ಸಾಕು.

ಅರೆದುದನ್ನು ಒಂದು ಲೋಟ ನೀರು ಸೇರಿಸಿ ಚೆನ್ನಾಗಿ ಕುದಿಸಿ, ಅರ್ಧ ಚಮಚ ಉಪ್ಪು, ಮೆಣಸು ಜೀರಿಗೆಯ ಪುಡಿ ಹಾಕಿ ಉರಿ ಸಣ್ಣದು ಮಾಡಿರಿ. ದಪ್ಪ ಹಾಲು ಈಗ. ಅಂಚಿನಲ್ಲಿ ಬಿಸಿ ಏರುತ್ತಿದ್ದಂತೆ ಇಳಿಸಿಬಿಡಿ. ಕೊತಕೊತ ಕುದಿಸಿದರೆ ಹಾಲು ಒಡೆದು ಎಣ್ಣೆ ಬೇರೆಯಾಗುತ್ತದೆ. ನಿಂಬೆರಸ ಒಲೆಯ ಮೇಲಲ್ಲ, ಬಟ್ಟಲಿನಲ್ಲಿ ಹಿಂಡಿರಿ. ಹುಳಿಯೂ ಖಾರವೂ ಇದ್ದಲ್ಲಿ ಉಪ್ಪು ಕಡಮೆಯಾದುದು ನಾಲಿಗೆಗೆ ತಿಳಿಯದು.

ಕೆನೆ ಹಾಕದೆ ಕೆನೆಯಂಥ ನುಣುಪು ಎಲ್ಲಿಂದ ಬಂತು? ಬೇಳೆಯ ಪಿಷ್ಟ, ಕುಂಬಳದ ತಿರುಳು, ಕಾಯಿಯ ಜಿಡ್ಡು. ಈ ಜಿಡ್ಡು ದಂಡವಲ್ಲ. ಕುಂಬಳದ ಹೊಂಬಣ್ಣವೇ ಕ್ಯಾರೋಟಿನ್. ದೇಹ ಅದರಿಂದ ಎ ಜೀವಸತ್ವ ಮಾಡಿಕೊಳ್ಳುತ್ತದೆ. ಸ್ವಲ್ಪ ಜಿಡ್ಡಿದ್ದರೇನೆ ಅದು ಚೆನ್ನಾಗಿ ಮೈಗೆ ಹತ್ತುವುದು.

ಅತ್ತೆಯವರು ಒಂದು ಬಟ್ಟಲು ಮುಗಿಸಿ, “ಇದೆಂಥ ಸೂಪು ಮಗಾ, ಇದು ಅರೆದ ಸಾರು; ಇನ್ನೊಂದು ಸೌಟು ಹಾಕು” ಎಂದರು. ಹದಿನೈದು ದಿನದ ಮೇಲೆ ಅವರು ಬಾಯಿಬಿಟ್ಟು ಕೇಳಿದ ಮೊದಲ ಊಟ ಅದು. ನಿಮ್ಮ ಮನೆಯಲ್ಲೂ ಊಟ ಬೇಡವೆನ್ನುವ ಹಿರಿಯರಿದ್ದರೆ ಒಮ್ಮೆ ಮಾಡಿ ನೋಡಿರಿ.