ಹಿತ್ತಿಲಿಗೆ ಮರಳಿದ ಪರಿಮಳ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಬೆಂಗಳೂರಿನ ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಆರಂಭಿಸಿದರು, ಟಿಪ್ಪು ಸುಲ್ತಾನರು ಹೊರನಾಡುಗಳಿಂದ ಸಸಿ, ಬೀಜ ತರಿಸಿ ಬೆಳೆಸಿದರು ಎಂದು ಪಾಠದಲ್ಲಿ ಓದಿ ಹೆಮ್ಮೆಪಡುತ್ತೇವೆ. ಆದರೆ ನಮ್ಮ ಮನೆಗಳ ಹಿತ್ತಿಲು ದಿನದಿನಕ್ಕೆ ಸಿಮೆಂಟಿನಡಿ ಸೇರುತ್ತಿದೆ. ಶಿವಮೊಗ್ಗದ ನಮ್ಮ ಹಿರಿಯರ ಮನೆಯಲ್ಲೂ ಅದೇ ಆಗುವುದರಲ್ಲಿತ್ತು. ಅಜ್ಜ ತೀರಿಕೊಂಡ ಮೇಲೆ ಹತ್ತು ವರ್ಷ ಅಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ಕಾಂಗ್ರೆಸ್ ಗಿಡ, ಲಂಟಾನ ಎದೆಯೆತ್ತರ ಬೆಳೆದಿದ್ದವು. ಜೆಸಿಬಿ ತರಿಸಿ ಸಮ ಮಾಡಿ, ಶೆಡ್ ಕಟ್ಟಿ ಬಾಡಿಗೆಗೆ ಕೊಡೋಣವೆಂದು ಚಿಕ್ಕಪ್ಪಂದಿರು ತೀರ್ಮಾನಿಸಿದ್ದರು. ಆ ಹಣದ ಅಗತ್ಯವೂ ಮನೆಗಿತ್ತು. ಕಣ್ಣು ಮಂಜಾಗಿರುವ ಅಜ್ಜಿ, ಅಂದರೆ ನಮ್ಮ ದಾದಿಮಾ, ಒಂದೇ ಮಾತು ಹೇಳಿದರು: "ನನ್ನ ಮೋತಿಯಾ ಅಲ್ಲೇ ಇರಬೇಕು, ಮೊದಲು ಹುಡುಕಿ." ಹೀಗೆ ನನಗೆ ಒಂದು ವರ್ಷದ ಅವಕಾಶ ಸಿಕ್ಕಿತು.

ಕಾಡುಬಿದ್ದ ತೋಟವನ್ನು ಒಂದೇ ದಿನ ಸವರಬಾರದು. ಯಾವುದು ಕಳೆ, ಯಾವುದು ಹಿರಿಯರು ನೆಟ್ಟ ಗಿಡ ಎಂದು ಗುರುತಿಸುತ್ತ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಹಾವಿದ್ದೀತೆಂದು ಕೋಲಿನಿಂದ ತಟ್ಟುತ್ತ, ಬೂಟು ಹಾಕಿಕೊಂಡೇ ಒಳಗೆ ಹೋಗಬೇಕು. ಕಾಂಗ್ರೆಸ್ ಗಿಡದಿಂದ ಚರ್ಮಕ್ಕೆ ತುರಿಕೆ, ಕೆಲವರಿಗೆ ಉಬ್ಬಸ ಬರುತ್ತದೆ. ಆದ್ದರಿಂದ ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮೊದಲೇ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ಲಂಟಾನವನ್ನು ಬರೀ ಕಡಿದರೆ ಮತ್ತೆ ಚಿಗುರುತ್ತದೆ; ಬುಡ ಅಗೆದೇ ತೆಗೆಯಬೇಕು.

ಮೂರನೆಯ ವಾರ ಬಾವಿಕಟ್ಟೆಯ ಪಕ್ಕ ಮೋತಿಯಾ ಸಿಕ್ಕಿತು. ಅದೇ ಕನ್ನಡದ ದುಂಡುಮಲ್ಲಿಗೆ. ನವೆಂಬರ್ ಕೊನೆಯಲ್ಲಿ ಒಂದೂವರೆ ಅಡಿಗೆ ಸವರಿ ಗೊಬ್ಬರ, ನೀರು ಕೊಟ್ಟೆವು. ಬೇಸಿಗೆಗೆ ಮೊಗ್ಗು ಬಂತು.

ಹೊಸ ಗಿಡಗಳನ್ನು ಆರಿಸುವಾಗ ದಾದಿಮಾ ಅವರನ್ನೇ ಲೆಕ್ಕದಲ್ಲಿಟ್ಟುಕೊಂಡೆವು. ಕಣ್ಣಿಗೆ ಕಾಣದಿದ್ದರೂ ಹೊತ್ತು ತಿಳಿಸುವ ಗಿಡಗಳು ಬೇಕಿದ್ದವು. ಸಂಜೆ ಅರಳಿ ಫಜರ್ ವೇಳೆಗೆ ಉದುರುವ ಪಾರಿಜಾತ, ಅಂದರೆ ಹರ್‌ಸಿಂಗಾರ್, ಅವರ ಕಿಟಕಿಯ ಬಳಿ ನೆಟ್ಟೆವು. ಬೇಲಿಗೆ ಮೆಹಂದಿ, ಎಲೆ ಈದ್‌ಗೆ ಕೈಗಾದರೆ, ಅದರ ಪುಟ್ಟ ಹೂಗಳ ಕಂಪು ದಾರಿಹೋಕರಿಗೆ. ಸೂರಃ ರಹ್ಮಾನ್‌ನಲ್ಲಿ ಬರುವ ರೈಹಾನ್ ಎಂಬ ಪದಕ್ಕೆ ಪರಿಮಳದ ಸಸ್ಯ ಎಂದರ್ಥ. ಅರಬರು ಕಾಮಕಸ್ತೂರಿಯನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಅದನ್ನು ಅಡುಗೆಮನೆಯ ಬಾಗಿಲಲ್ಲಿ ಬಿತ್ತಿದೆವು; ಬೀಜ ಇಫ್ತಾರಿನ ಶರಬತ್ತಿಗಾಯಿತು. ಬಚ್ಚಲ ನೀರು ಹರಿಯುವಲ್ಲಿ ಲಾವಂಚ, ಉರ್ದುವಿನ ಖಸ್. ಅದರ ಪರಿಮಳ ಇರುವುದು ಬೇರಿನಲ್ಲಿ. ಬೇರು ಮಣ್ಣನ್ನೂ ಹಿಡಿದಿಡುತ್ತದೆ. ರಾತ್ರಾಣಿಯನ್ನು ಮಾತ್ರ ಬಿಟ್ಟೆವು. ಅದರ ಹಣ್ಣು ವಿಷ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ವರ್ಷ ತುಂಬಿದಾಗ ಮನೆಯವರೆಲ್ಲ ಕೂತು ಮಾತಾಡಿದೆವು. ರಸ್ತೆಯ ಕಡೆಯ ಅರ್ಧಕ್ಕೆ ಶೆಡ್ ಬಂತು, ಬಾವಿಯ ಕಡೆಯ ಅರ್ಧ ತೋಟವಾಗಿಯೇ ಉಳಿಯಿತು. ಯಾರ ಮಾತೂ ಪೂರ್ತಿ ನಡೆಯಲಿಲ್ಲ. ಯಾರ ಮನಸ್ಸೂ ಮುರಿಯಲಿಲ್ಲ.

ವಿದ್ಯಾರ್ಥಿ ಮಿತ್ರರೆ, ನಿಮ್ಮ ಮನೆಯ ಹಿರಿಯರನ್ನು ಕೇಳಿ. ಹಿತ್ತಿಲಲ್ಲಿ ಏನೇನಿತ್ತು, ಅದರ ಉರ್ದು ಹೆಸರೇನು, ಕನ್ನಡ ಹೆಸರೇನು ಎಂದು ಬರೆದಿಟ್ಟುಕೊಳ್ಳಿ. ಹೆಸರು ಗೊತ್ತಿಲ್ಲದ ಗಿಡ ಕತ್ತಿಗೆ ಬೇಗ ಸಿಗುತ್ತದೆ. ಜಾಗವಿಲ್ಲದವರು ಒಂದು ಕುಂಡದಲ್ಲಿ ಕಾಮಕಸ್ತೂರಿ ಬಿತ್ತಿದರೂ ಸಾಕು.