ಎಲುಬಿನ ಕ್ಯಾನ್ಸರ್: ರೋಗದ ಹೆಸರು ಒಂದು, ಉಪಚಾರ ಬೇರೆ ಬೇರೆ

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ರೈತರಿಗಾಗಿ ಮಾಡಿದ ಭಾಷಣ)



ದನಕರುಗಳ ರೋಗಗಳ ಬಗ್ಗೆ ತಾವು ಅನೇಕ ಸಲ ಕೇಳಿದ್ದೀರಿ. ಇಂದು, ತೋಟದ ಮನೆಯನ್ನೂ ಕುರಿಹಟ್ಟಿಯನ್ನೂ ಕಾಯುವ ನಾಯಿಗೂ, ಅದರೊಂದಿಗೆ ಆಡುವ ಮಕ್ಕಳಿಗೂ ಬರಬಹುದಾದ ಒಂದು ರೋಗದ ವಿಷಯ ಹೇಳಬೇಕೆಂದಿದ್ದೇನೆ. ಅದೇ ಎಲುಬಿನ ಕ್ಯಾನ್ಸರ್. ವೈದ್ಯರು ಇದನ್ನು ಆಸ್ಟಿಯೊಸಾರ್ಕೋಮಾ ಎನ್ನುತ್ತಾರೆ. ಮನುಷ್ಯರಲ್ಲಿ ಇದು ವಿರಳ. ನಾಯಿಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು. ಇದು ಅಂಟುರೋಗವಲ್ಲ. ನಾಯಿಯಿಂದ ಮನುಷ್ಯರಿಗೆ ಬರುವುದಿಲ್ಲ. ಆದ್ದರಿಂದ ರೋಗ ಬಂದ ನಾಯಿಯನ್ನು ಹೊರಗೆ ಹಾಕಬೇಕಾಗಿಲ್ಲ.

ಯಾರಲ್ಲಿ, ಎಲ್ಲಿ?

ನಾಯಿಗಳಲ್ಲಿ ಎತ್ತರದ, ದೊಡ್ಡ ಮೈಕಟ್ಟಿನ ತಳಿಗಳಿಗೆ ಇದು ಹೆಚ್ಚು. ಸಾಮಾನ್ಯವಾಗಿ 7ರಿಂದ 10 ವರ್ಷದ ವಯಸ್ಸಿನಲ್ಲಿ ಕಾಣುತ್ತದೆ. ಮುಂಗಾಲಿನಲ್ಲಿ ಭುಜದ ಹತ್ತಿರ ಅಥವಾ ಪಾದದ ಮೇಲ್ಗಂಟಿನ ಹತ್ತಿರ, ಹಿಂಗಾಲಿನಲ್ಲಿ ಮೊಣಕಾಲಿನ ಸುತ್ತ ಬಾವು ಏಳುತ್ತದೆ. ಮೂಡಲಗಿಗೆ ನೆರೆಯಾದ ಮುಧೋಳದ ಬೇಟೆನಾಯಿಗಳನ್ನು ನಮ್ಮ ಭಾಗದಲ್ಲಿ ಬಹಳ ಜನ ಸಾಕುತ್ತಾರೆ. ಅಂಥ ಎತ್ತರದ ನಾಯಿ ಪೆಟ್ಟಿಲ್ಲದೆ ಕುಂಟತೊಡಗಿದರೆ ಉದಾಸೀನ ಮಾಡಬಾರದು.

ಮನುಷ್ಯರಲ್ಲಿ ಇದು ಬಹುಮಟ್ಟಿಗೆ 10ರಿಂದ 20 ವರ್ಷದ, ಎತ್ತರ ಬೆಳೆಯುವ ಮಕ್ಕಳ ರೋಗ. ಹೆಚ್ಚಾಗಿ ಮೊಣಕಾಲಿನ ಹತ್ತಿರವೇ ಬರುತ್ತದೆ. ಆಟದಲ್ಲಿ ಬಿದ್ದ ನೋವೆಂದು ಮನೆಯವರು ತಿಳಿಯುತ್ತಾರೆ. ಆದರೆ ಪೆಟ್ಟಿನ ನೋವು ದಿನೇ ದಿನೇ ಕಡಿಮೆಯಾಗುತ್ತದೆ. ಈ ನೋವು ಹೆಚ್ಚುತ್ತದೆ, ರಾತ್ರಿ ನಿದ್ದೆಗೆಡಿಸುತ್ತದೆ. ಎರಡು ಮೂರು ವಾರವಾದರೂ ನೋವು, ಬಾವು ಇಳಿಯದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಎಣ್ಣೆ ಹಚ್ಚಿ ತಿಕ್ಕಿಸುವುದು, ಬಿಗಿಯಾಗಿ ಕಟ್ಟು ಹಾಕಿಸುವುದು ಅಪಾಯಕರ. ಅದರಲ್ಲಿ ಕಳೆಯುವ ತಿಂಗಳುಗಳಲ್ಲಿಯೇ ರೋಗವು ಪುಪ್ಪುಸಗಳಿಗೆ ಹರಡುತ್ತದೆ.

ಒಬ್ಬರ ಉಪಚಾರ ಇನ್ನೊಬ್ಬರಿಗೇಕೆ ಸಲ್ಲದು?

ಒಂದೇ ಗೊಬ್ಬರದ ಪ್ರಮಾಣವನ್ನು ಎರೆಭೂಮಿಗೂ ಮಸಾರಿಗೂ ಶಿಫಾರಸು ಮಾಡುವುದಿಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಎನ್ನುತ್ತೇವೆ. ಇಲ್ಲಿಯೂ ಹಾಗೆಯೇ. ಮೊದಲು ಗಂಟಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ಚೂರನ್ನು ಮುಂದೆ ಶಸ್ತ್ರಕ್ರಿಯೆ ಮಾಡುವ ವೈದ್ಯರ ಕಡೆಯಿಂದಲೇ ತೆಗೆಸುವುದು ಒಳ್ಳೆಯದು. ತಪ್ಪು ಜಾಗದಲ್ಲಿ ಕೊಯ್ದರೆ ಉಳಿಯಬಹುದಾದ ಕಾಲೂ ಹೋಗಬಹುದು. ಬಳಿಕ ಎದೆಯ ಚಿತ್ರ ತೆಗೆದು ರೋಗ ಹರಡಿದೆಯೋ ಎಂದು ಪರೀಕ್ಷಿಸುತ್ತಾರೆ. ಔಷಧಗಳಲ್ಲಿ ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೂ, ಡಾಕ್ಸೊರುಬಿಸಿನ್ ಹೃದಯಕ್ಕೂ ಭಾರ. ಆದ್ದರಿಂದ ಆ ಅಂಗಗಳ ಶಕ್ತಿ, ದೇಹದ ಅಳತೆ ನೋಡಿ ಪ್ರಮಾಣ ಗೊತ್ತುಮಾಡುತ್ತಾರೆ.

ಮನುಷ್ಯರಲ್ಲಿ ಸಾಮಾನ್ಯವಾಗಿ ಶಸ್ತ್ರಕ್ರಿಯೆಗೆ ಮೊದಲೂ ನಂತರವೂ ಔಷಧ ಕೊಡುತ್ತಾರೆ. ತೆಗೆದ ಗಂಟಿನಲ್ಲಿ 100ಕ್ಕೆ 90ರಷ್ಟಾದರೂ ರೋಗಕಣಗಳು ಸತ್ತಿದ್ದರೆ ಔಷಧ ಚೆನ್ನಾಗಿ ಹಿಡಿದಿದೆ ಎಂದರ್ಥ. 1970ಕ್ಕೆ ಮುಂಚೆ ಕಾಲು ಕತ್ತರಿಸುವುದೊಂದೇ ದಾರಿಯಿದ್ದಾಗ 100ರಲ್ಲಿ ಸುಮಾರು 20 ಜನ ಮಾತ್ರ ಬದುಕುತ್ತಿದ್ದರು. ಈಗ ರೋಗ ಹರಡುವ ಮೊದಲೇ ಬಂದು ಪೂರ್ಣ ಉಪಚಾರ ಪಡೆದವರಲ್ಲಿ 60ರಿಂದ 70 ಜನ 5 ವರ್ಷ ದಾಟುತ್ತಾರೆ. ಅನೇಕರ ಕಾಲೂ ಉಳಿಯುತ್ತದೆ.

ಕಾಲು ಉಳಿಸುವ ಈ ವಿದ್ಯೆ ಬೆಳೆಯಲು ರೋಗಗ್ರಸ್ತ ನಾಯಿಗಳ ಉಪಚಾರವೂ ನೆರವಾಯಿತು. ನಾಯಿಗಳಲ್ಲಿ ಗುಣ ತೋರಿದ ಮಿಫಮುರ್ಟೈಡ್ ಎಂಬ ಔಷಧಕ್ಕೆ 2009ರಲ್ಲಿ ಯುರೋಪಿನಲ್ಲಿ ಮನುಷ್ಯರಿಗಾಗಿ ಒಪ್ಪಿಗೆ ದೊರೆಯಿತು. ಅಮೆರಿಕದಲ್ಲಿ ನಾಯಿಯ ಗಂಟಿನಿಂದಲೇ ಲಸಿಕೆ ತಯಾರಿಸಿ ಅದೇ ನಾಯಿಗೆ ಕೊಡುವ ಪ್ರಯೋಗಗಳೂ ನಡೆದಿವೆ. ಆದರೆ ಇದು ನಮ್ಮ ಊರುಗಳಿಗೆ ಬಂದಿರುವ ಉಪಚಾರವಲ್ಲ.

ನಾಯಿಯ ಮಟ್ಟಿಗೆ

ನಾಯಿಯ ಕಾಲು ತೆಗೆದರೆ ನೋವು ಹೋಗುತ್ತದೆ. ಉಳಿದ ಕಾಲುಗಳು ಗಟ್ಟಿಯಾಗಿದ್ದರೆ ಮೂರು ಕಾಲಿನಲ್ಲಿ ಓಡಾಡಿಕೊಂಡಿರುತ್ತದೆ. ಆದರೆ ಕಾಲು ತೆಗೆದಷ್ಟಕ್ಕೇ ಬಿಟ್ಟರೆ ಸಾಮಾನ್ಯವಾಗಿ 4ರಿಂದ 5 ತಿಂಗಳು, ಔಷಧವನ್ನೂ ಕೊಟ್ಟರೆ 10ರಿಂದ 12 ತಿಂಗಳು ಬದುಕುತ್ತದೆ. ಪೂರ್ಣ ಗುಣವಾಗುವುದು ವಿರಳ. ನಾಯಿಯ ವಯಸ್ಸು, ಕೀಲುಗಳ ಸ್ಥಿತಿ, ಮನೆಯ ಖರ್ಚು ಇವನ್ನೆಲ್ಲ ಪಶುವೈದ್ಯರೊಂದಿಗೆ ಮುಚ್ಚುಮರೆಯಿಲ್ಲದೆ ಮಾತನಾಡಿರಿ. ಉಪಚಾರ ಸಾಧ್ಯವಿಲ್ಲದಿದ್ದರೆ ನೋವಿಲ್ಲದ ಸಾವನ್ನು ಕೊಡಿಸುವುದೂ ದಯೆಯೇ. ಮನುಷ್ಯರ ನೋವಿನ ಗುಳಿಗೆಗಳನ್ನು ಮಾತ್ರ ನಾಯಿಗೆ ಹಾಕಬೇಡಿರಿ. ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡ ಕೆಟ್ಟು ಸಾಯಬಹುದು.

ಎಲ್ಲಿಗೆ ಹೋಗಬೇಕು?

ನಾಯಿಯನ್ನು ಮೊದಲು ತಾಲೂಕಿನ ಪಶು ಆಸ್ಪತ್ರೆಯಲ್ಲಿ ತೋರಿಸಿರಿ. ಹೆಚ್ಚಿನ ಉಪಚಾರಕ್ಕೆ ಅವರು ಪಶುವೈದ್ಯಕೀಯ ಕಾಲೇಜಿಗೆ ಬರೆದುಕೊಡುತ್ತಾರೆ. ಮುಧೋಳ ತಳಿಯ ಸಾಕಣೆಯ ಮಾಹಿತಿ ತಿಮ್ಮಾಪುರದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಲ್ಲಿ ದೊರೆಯುತ್ತದೆ.

ಮಕ್ಕಳಿಗಾದರೆ ತಾಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿ, ಸಂಶಯವಿದ್ದರೆ ಕೂಡಲೇ ಮುಂದಕ್ಕೆ ಹೋಗಬೇಕು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ. ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಉಪಚಾರ ಹಲವು ತಿಂಗಳು ನಡೆಯುತ್ತದೆ. ಬಾವು ಇಳಿಯಿತೆಂದು ನಡುವೆ ಬಿಟ್ಟು ಬರಬಾರದು.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ಹಳ್ಳಿಗೆ ಹೋದಾಗ ಮೊಣಕಾಲಿಗೆ ಕಟ್ಟು ಹಾಕಿಕೊಂಡು ಕುಂಟುವ ಹುಡುಗನೋ ಹುಡುಗಿಯೋ ಕಂಡರೆ, ಎಷ್ಟು ದಿನವಾಯಿತೆಂದು ಕೇಳಿರಿ. ತಿಂಗಳಾಗಿದ್ದರೆ ತಂದೆತಾಯಿಗಳಿಗೆ ತಿಳಿಸಿ ಹೇಳಿ ಎಕ್ಸ್‌ರೇ ತೆಗೆಸಿರಿ. ಬಹಳಷ್ಟು ಸಲ ಅದು ಸಾದಾ ನೋವೇ ಆಗಿರುತ್ತದೆ; ಆಗ ಎಲ್ಲರಿಗೂ ಸಮಾಧಾನ. ಅಲ್ಲದಿದ್ದರೆ ಒಂದು ಜೀವ ಉಳಿಯುವ ದಾರಿ ಆದೀತು.